ಸೊದೆ, ಸವಳು, ಹಂಚು: ಬಯಲುಸೀಮೆಯ ಮಾಳಿಗೆ ಬಿಸಿಲನ್ನೆದುರಿಸಿದ ಬಗೆ

'ಸೌಧ' ಎಂಬ ಶಬ್ದವನ್ನು ಇಂದು ಭವ್ಯವಾದ ಕಟ್ಟಡ ಎಂಬ ಅರ್ಥದಲ್ಲಿ ಬಳಸಲಾಗುತ್ತಿದೆ. ಅದರ ವ್ಯುತ್ಪತ್ತಿಯನ್ನು ಹುಡುಕಿಕೊಂಡು ಹೋದರೆ ಸಿಗುವುದು ಸುಣ್ಣ. ಸುಧೆಯಿಂದ ಕೂಡಿದ್ದು, ಎಂದರೆ ಸುಣ್ಣದ ಗಾರೆಯನ್ನು ಮೆತ್ತಿಸಿಕೊಂಡದ್ದು ಸೌಧ. ಸಂಸ್ಕೃತದ 'ಸುಧಾ' ಶಬ್ದಕ್ಕೆ ಅಮೃತವೆಂಬ ಅರ್ಥವೂ ಸುಣ್ಣವೆಂಬ ಅರ್ಥವೂ ಉಂಟು. ಅದರ ತದ್ಭವವಾದ 'ಸೊದೆ' ಹಳಗನ್ನಡದಲ್ಲಿ ಈ ಎರಡನ್ನೂ ಹೊತ್ತುಕೊಂಡೇ ಬಂದಿದೆ. ಕಾವ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುವ 'ಧವಳಾರ'ವೂ ಇದೇ ಕುಟುಂಬದ ಮಾತು. ಧವಳ ಮತ್ತು ಅಗಾರ ಸೇರಿ ಪ್ರಾಕೃತದ ಹಾದಿಯಲ್ಲಿ ಸವೆದು ಧವಳಾರವಾಯಿತು. ಬೆಳ್ಳಗಿರುವ ಮನೆ ಎಂಬುದೇ ಅದರ ಅರ್ಥ. ಪುರವರ್ಣನೆಗಳನ್ನು ಓದುವಾಗ ಈ ಬಿಳುಪನ್ನು ಕೀರ್ತಿಯ ಬಿಳುಪಿನೊಡನೆ, ಬೆಳುದಿಂಗಳೊಡನೆ ಸಮೀಕರಿಸಿ ಮುಂದೆ ಸಾಗುವುದು ರೂಢಿ. ಕವಿಸಮಯದ ಹಿಂದೆ ಒಂದು ಕಟ್ಟಡಶಾಸ್ತ್ರದ ಸತ್ಯವೂ ಇದೆಯೆಂಬುದನ್ನು ವ್ಯಾಖ್ಯಾನಕಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹೊಸದಾಗಿ ಬಳಿದ ಸುಣ್ಣದ ಮೇಲ್ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ನೆತ್ತಿಯ ಮೇಲೆ ಉರಿಯುವ ಸೂರ್ಯನಿರುವ ನಾಡಿನಲ್ಲಿ ಬಿಳುಪು ಅಲಂಕಾರವಾಗುವುದಕ್ಕೆ ಮೊದಲು ಒಂದು ಅಗತ್ಯವಾಗಿತ್ತು.

ಮನೆಯ ಮೇಲ್ಭಾಗಕ್ಕೆ ಕನ್ನಡದಲ್ಲಿರುವ ಶಬ್ದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಾಡಿನ ಚರಿತ್ರೆಯ ಪದರಗಳೇ ಕಾಣುತ್ತವೆ. 'ಮಾಡ', 'ಕರುಮಾಡ', 'ಮಚ್ಚು', 'ಸೂರು', 'ಹಂಚು', 'ಗಾರೆ' ಎಂಬಿವು ದೇಶ್ಯಗಳು. ತಮಿಳಿನಲ್ಲಿಯೂ ಇವುಗಳ ಸೋದರ ರೂಪಗಳಿವೆ. 'ಸುಣ್ಣ', 'ಸೊದೆ', 'ಉಪ್ಪರಿಗೆ'ಗಳು ಸಂಸ್ಕೃತ ಪ್ರಾಕೃತಗಳಿಂದ ಬಂದವು. 'ಗಚ್ಚು' ಶಬ್ದಕ್ಕೆ ಪರ್ಷಿಯನ್ನಿನ 'ಗಚ್' ಜೊತೆಗೆ ನಂಟು ಹೇಳುವುದುಂಟು. 'ತಾರಸಿ' ಯೂರೋಪಿನವರೊಡನೆ ಬಂದದ್ದು. ಇನ್ನು 'ಮಾಳಿಗೆ'ಯ ಪಾಡು ಎಲ್ಲಕ್ಕಿಂತ ಕುತೂಹಲಕರವಾದದ್ದು. ತಮಿಳಿನ 'ಮಾಳಿಗೈ' ಅರಮನೆಯನ್ನು ಸೂಚಿಸುತ್ತದೆ. ಕನ್ನಡದಲ್ಲಿಯೂ ಉಪ್ಪರಿಗೆಯ ಮನೆ ಎಂಬ ಅರ್ಥ ಅದಕ್ಕಿದೆ. ಆದರೆ ಕಲಬುರಗಿ, ರಾಯಚೂರು, ಕೊಪ್ಪಳ, ವಿಜಯಪುರ, ಬಳ್ಳಾರಿ, ಚಿತ್ರದುರ್ಗಗಳ ಸೀಮೆಯಲ್ಲಿ ಮಾಳಿಗೆ ಎಂದರೆ ಮಣ್ಣಿನ ಮಟ್ಟಸವಾದ ಮೇಲ್ಮುದ್ದೆಯನ್ನು ಹೊತ್ತ ಮನೆ. ಅರಮನೆಗೆ ಸಲ್ಲುತ್ತಿದ್ದ ಹೆಸರು ಒಕ್ಕಲು ಮಕ್ಕಳ ಮನೆಯ ಮಣ್ಣಿಗೆ ಇಳಿದು ಬಂದಿತೋ, ಅಥವಾ ಮಣ್ಣಿನ ಮಾಳಿಗೆಯೇ ಹಿಂದೊಮ್ಮೆ ಹುಲ್ಲಿನ ಗುಡಿಸಲ ಪಕ್ಕದಲ್ಲಿ ಅರಮನೆಯಂತೆ ಕಂಡಿತೋ, ಎರಡೂ ಊಹೆಗಳಿಗೆ ಅವಕಾಶವಿದೆ. ಹಳೆಯ ಮೈಸೂರು ಸೀಮೆಯವರು ತಾರಸಿಗೆ 'ಬಿಸಿಲುಮಚ್ಚು' ಎಂದು ಹೆಸರಿಟ್ಟು ಬಿಸಿಲನ್ನೇ ಅದರ ಯಜಮಾನನನ್ನಾಗಿ ಮಾಡಿಬಿಟ್ಟರು.

ಶಾಸ್ತ್ರಗ್ರಂಥಗಳ ಕಡೆಗೆ ತಿರುಗಿದರೆ ಸಿಗುವ ಸಾಮಗ್ರಿ ಒಂದು ಬಗೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಎಳೆಯ ಬೇಲದ ಕಾಯಿ, ಬೂರುಗದ ಹೂ, ಬಜೆ ಮೊದಲಾದವುಗಳ ಕಷಾಯವನ್ನು ಎಂಟನೆಯ ಒಂದು ಪಾಲಿಗೆ ಇಳಿಯುವಂತೆ ಕುದಿಸಿ, ಅದಕ್ಕೆ ಗುಗ್ಗುಳ, ಸರ್ಜರಸದಂತಹ ಅಂಟುಗಳನ್ನೂ ಅಗಸೆಯನ್ನೂ ಬಿಲ್ವವನ್ನೂ ಬೆರೆಸಿ ಬಿಸಿಯಾಗಿಯೇ ಹಚ್ಚಬೇಕೆಂಬುದು ಅಲ್ಲಿನ ವಿಧಾನ. ಎಲ್ಲಿ ಹಚ್ಚಬೇಕೆಂಬ ಪಟ್ಟಿಯಲ್ಲಿ ಪ್ರಾಸಾದ, ಹರ್ಮ್ಯ, ವಲಭಿಗಳು, ಲಿಂಗ, ಪ್ರತಿಮೆಗಳು, ಗೋಡೆ, ಬಾವಿಗಳು ಬರುತ್ತವೆ. ಹೀಗೆ ಹಚ್ಚಿದ ಲೇಪ ಒಂದು ಕೋಟಿ ವರ್ಷ ಬಾಳುತ್ತದೆ ಎಂಬ ಮಾತನ್ನು ಶಾಸ್ತ್ರಕಾರರ ಉತ್ಸಾಹವೆಂದು ಬದಿಗಿರಿಸಬಹುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 1129ರ ಸುಮಾರಿಗೆ ರಚಿತವಾದುದು. ಅರಸನ ಉಪಭೋಗಗಳನ್ನು ವಿವರಿಸುವ ಅದರ ವಿಂಶತಿ ಗೃಹೋಪಭೋಗದಿಂದಲೇ ಆರಂಭವಾಗುತ್ತದೆ. ಅದಕ್ಕಿಂತ ಸುಮಾರು ನೂರು ವರ್ಷ ಹಿಂದಿನ, ಎರಡನೆಯ ಚಾವುಂಡರಾಯನ ಲೋಕೋಪಕಾರ ಕನ್ನಡದಲ್ಲಿಯೇ ವಾಸ್ತುವನ್ನು ಚರ್ಚಿಸುತ್ತದೆ. ಇವೆಲ್ಲ ಅಮೂಲ್ಯವಾದ ಆಕರಗಳೇ. ಆದರೂ ವಾಸ್ತುಗ್ರಂಥಗಳ ಮುಖ್ಯ ಆಸ್ಥೆ ನಿವೇಶನ, ದಿಕ್ಕು, ಆಯ, ಮುಹೂರ್ತಗಳಲ್ಲಿ ನೆಲೆಸಿದೆ. ವರ್ಷಕ್ಕೊಮ್ಮೆ ಏಣಿ ಹತ್ತಿ ಮಾಳಿಗೆಗೆ ಮಣ್ಣು ಹಾಕುವವನ ಅನುಭವವನ್ನು ಅಲ್ಲಿ ಹುಡುಕುವುದು ವ್ಯರ್ಥ.

ಆ ಅನುಭವಕ್ಕೆ ಹತ್ತಿರವಾದ ಮಾತು ಸಿಗುವುದು ಶಾಸನಗಳಲ್ಲಿ. ದೇವಾಲಯಗಳಿಗೆ, ಬಸದಿಗಳಿಗೆ ಬಿಟ್ಟ ದತ್ತಿಗಳ ಉದ್ದೇಶವನ್ನು ಹೇಳುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ನುಡಿಗಟ್ಟು ಕರ್ನಾಟಕದ ಶಾಸನಗಳಲ್ಲಿ ನೂರಾರು ಸಲ ಬರುತ್ತದೆ. ಒಡೆದದ್ದು ಖಂಡ, ಬಿರಿದದ್ದು ಸ್ಫುಟಿತ. ಕೆಲವು ಶಾಸನಗಳಲ್ಲಿ ಇದರೊಡನೆ 'ಸುಧಾಕರ್ಮ'ವೂ ಸೇರುತ್ತದೆ. ಹೊಸದಾಗಿ ಸುಣ್ಣದ ಕೆಲಸ ಮಾಡಿಸುವುದಕ್ಕೂ ಭೂಮಿಯ ಉತ್ಪನ್ನ ಸಲ್ಲಬೇಕು ಎಂಬುದು ಅದರ ತಾತ್ಪರ್ಯ. ಶಾಸನಗಳನ್ನು ವಂಶಾವಳಿಗಾಗಿಯೂ ಬಿರುದಾವಳಿಗಾಗಿಯೂ ಓದುವ ಅಭ್ಯಾಸದಲ್ಲಿ ಈ ನುಡಿಗಟ್ಟನ್ನು ಸೂತ್ರಪ್ರಾಯವೆಂದು ದಾಟಿಬಿಡಲಾಗುತ್ತದೆ. ಅದು ಸೂತ್ರಪ್ರಾಯವಾದದ್ದೇ ಮುಖ್ಯವಾದ ಸಂಗತಿ. ಕಟ್ಟಿದ ಕಟ್ಟಡ ಬಿರಿಯುತ್ತದೆ, ಅದಕ್ಕೆ ಮತ್ತೆ ಮತ್ತೆ ಸುಣ್ಣ ಕಾಣಿಸಬೇಕಾಗುತ್ತದೆ, ಆ ವೆಚ್ಚವನ್ನು ಕಟ್ಟುವ ದಿನವೇ ಗೊತ್ತುಮಾಡಿ ಇಡಬೇಕು ಎಂಬ ತಿಳಿವಳಿಕೆ ಇಲ್ಲಿ ಸಂಸ್ಥೆಯ ರೂಪ ತಾಳಿದೆ. ಅಂಗಭೋಗ, ಆಹಾರದಾನಗಳ ಸಾಲಿನಲ್ಲಿಯೇ ಬಿರುಕು ಮುಚ್ಚುವ ಕೆಲಸಕ್ಕೂ ಧರ್ಮದ ಸ್ಥಾನವಿತ್ತು.

ಬಿರಿಯುವುದಕ್ಕೆ ಮಳೆಯೊಂದೇ ಕಾರಣವಲ್ಲ. ಬಯಲುಸೀಮೆಯಲ್ಲಿ ಮಾಡಿನ ಮೇಲ್ಮೈ ಹಗಲು ಕಾದು ಹಿಗ್ಗುತ್ತದೆ, ಇರುಳು ಆಕಾಶಕ್ಕೆ ಶಾಖವನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ದಿನವೂ ನಡೆಯುವ ಈ ಹಿಗ್ಗುಕುಗ್ಗುಗಳಲ್ಲಿ ಕೂದಲೆಳೆಯ ಸೀಳುಗಳು ಹುಟ್ಟುತ್ತವೆ. ಬೇಸಗೆ ಕಳೆದು ಮೊದಲ ಮಳೆ ಬಂದಾಗ ನೀರು ಆ ಸೀಳುಗಳಲ್ಲಿ ದಾರಿ ಕಂಡುಕೊಳ್ಳುತ್ತದೆ. ಸೋರುವ ಹೊತ್ತಿಗೆ ಎಲ್ಲರೂ ಮಳೆಯನ್ನು ದೂರುತ್ತಾರೆ, ಆದರೆ ಕೆಡುಕಿನ ಮೊದಲ ಪಾಲು ಬಿಸಿಲಿನದು. ಮಿರಗದ ಮಳೆ ಬೀಳುವ ಮುನ್ನ ಮಾಳಿಗೆಯನ್ನು ನೋಡಿಕೊಳ್ಳಬೇಕೆಂಬ ಒಕ್ಕಲುತನದ ಕಟ್ಟಳೆ ಈ ತಿಳಿವಳಿಕೆಯಿಂದ ಬಂದದ್ದು.

ಮಾಳಿಗೆಯ ರಚನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಕಲ್ಲು ಮಣ್ಣಿನ ದಪ್ಪ ಗೋಡೆಗಳ ನಡುವೆ ಮರದ ಕಂಬಗಳು, ಕಂಬಗಳ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳಿಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತಿಗಳು. ಉಳ್ಳವರ ಮನೆಗಳಲ್ಲಿ ಜಂತಿಗಳ ಮೇಲೆ ಹಲಗೆ, ಕಲ್ಲು ಸಿಗುವ ಕಡೆಗಳಲ್ಲಿ ತೆಳುವಾದ ಚಪ್ಪಡಿ, ಉಳಿದವರಲ್ಲಿ ಸೀಳಿದ ಬಿದಿರು ಅಥವಾ ಕಟ್ಟಿಗೆ ಚಕ್ಕೆ. ಅದರ ಮೇಲೆ ಹುಲ್ಲು, ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನಂತಹ ಕಹಿ ಎಲೆಗಳ ಹಾಸು. ಗೆದ್ದಲನ್ನು ದೂರವಿರಿಸುವುದು ಇದರ ಉದ್ದೇಶ. ಆಮೇಲೆ ಕಲಸಿದ ಮಣ್ಣಿನ ಪದರಗಳು. ನಾಲ್ಕು ಕಡೆಗೆ ಕುಂಬಿ, ನೀರು ಹರಿದುಹೋಗಲು ದೋಣಿ, ಬೆಳಕಿಗೂ ಹೊಗೆಗೂ ನಡುವೆ ಒಂದೆರಡು ಗವಾಕ್ಷಿ. ಎಲ್ಲದರ ಮೇಲೆ, ಕಟ್ಟಕಡೆಗೆ, ಸವಳು ಮಣ್ಣು. ಚಿತ್ರದುರ್ಗದ ಕಡೆ ಇದನ್ನು ಕರ್ಲು ಎಂದೂ ಚೌಳು ಎಂದೂ ಕರೆಯುತ್ತಾರೆ.

ಸವಳು ಮಣ್ಣಿನ ಆಯ್ಕೆಯಲ್ಲಿ ಮಾಳಿಗೆಯ ಜಾಣ್ಮೆಯೆಲ್ಲ ಅಡಗಿದೆ. ಒಕ್ಕಲಿಗನಿಗೆ ಸವಳು ನೆಲದಷ್ಟು ನಿರುಪಯೋಗಿಯಾದುದು ಬೇರೊಂದಿಲ್ಲ. ಅಲ್ಲಿ ಬೆಳೆ ನಿಲ್ಲುವುದಿಲ್ಲ, ಮಳೆನೀರು ಇಂಗುವುದಿಲ್ಲ, ಬೇಸಗೆಯಲ್ಲಿ ಬಿಳಿಯ ಉಪ್ಪಿನ ಹಕ್ಕಳೆ ಮೇಲೇಳುತ್ತದೆ. ಹೊಲದಲ್ಲಿ ದೋಷವೆನಿಸಿದ ಈ ಮೂರೂ ಲಕ್ಷಣಗಳು ಮಾಳಿಗೆಯ ಮೇಲೆ ಗುಣಗಳಾದವು. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದಾಗ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ, ಉಬ್ಬಿ, ರಂಧ್ರಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ಬೇಸಗೆಯಲ್ಲಿ ಬಿಸಿಲು ತೆರೆದಿಟ್ಟ ಸೀಳುಗಳನ್ನು ಮೊದಲ ಹನಿಗಳೇ ಬೆಸೆಯುತ್ತವೆ. ಹುಲ್ಲು ಚಿಗುರದ ಕಾರಣ ಬೇರುಗಳು ಪದರವನ್ನು ಕೊರೆಯುವುದಿಲ್ಲ. ಬಿಳಿಯ ಹಕ್ಕಳೆ ಕೆಂಪು ಕಪ್ಪು ಮಣ್ಣುಗಳಿಗಿಂತ ಕಡಿಮೆ ಬಿಸಿಲನ್ನು ಹೀರುತ್ತದೆ. ಸುಣ್ಣ ಕೊಳ್ಳಲಾರದವನ ಧವಳಾರ ಇದು ಎನ್ನಬಹುದೇನೋ. ಅಗಸರು ಬಟ್ಟೆ ಒಗೆಯಲು ಒಯ್ಯುತ್ತಿದ್ದುದೂ ಇದೇ ಬಗೆಯ ಮಣ್ಣನ್ನು. ಉಪ್ಪಾರರು ಅದನ್ನು ನೀರಿನಲ್ಲಿ ಕದಡಿ, ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. 19ನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಉಪ್ಪಿನ ಮೇಲಿನ ತನ್ನ ಹಿಡಿತವನ್ನು ಬಿಗಿಗೊಳಿಸಿ ಮಣ್ಣುಪ್ಪಿನ ತಯಾರಿಕೆಯನ್ನು ಅಡಗಿಸಿದ ಮೇಲೆ ಅವರಲ್ಲಿ ಬಹುಮಂದಿ ಮಣ್ಣುಕೆಲಸ, ಗಾರೆಕೆಲಸಗಳನ್ನು ನೆಚ್ಚಿಕೊಂಡರು. ಸಾಮಾಜಿಕ ಚರಿತ್ರೆಯನ್ನು ಬರೆಯುವವರಿಗೆ ಮಾಳಿಗೆಯ ಮೇಲಿನ ಒಂದು ಬುಟ್ಟಿ ಮಣ್ಣು ತೆರಿಗೆಯ ಇತಿಹಾಸದವರೆಗೂ ದಾರಿ ತೋರಿಸಬಲ್ಲದು.

ದಪ್ಪ ಮಣ್ಣು ಬಿಸಿಲನ್ನು ತಡೆಯುತ್ತದೆ ಎನ್ನುವುದಕ್ಕಿಂತ ತಡಮಾಡಿಸುತ್ತದೆ ಎನ್ನುವುದು ಸರಿ. ಒಂದಡಿ ದಪ್ಪದ ಮಣ್ಣಿನ ಪದರದ ಮೇಲ್ಮೈಯನ್ನು ಕಾಯಿಸಿದ ಶಾಖ ಅದರ ಒಳಮೈಗೆ ಬಂದು ಮುಟ್ಟಲು ಸುಮಾರು ಎಂಟರಿಂದ ಹತ್ತು ಗಂಟೆ ಬೇಕು. ಮಧ್ಯಾಹ್ನದ ಉರಿ ಪಡಸಾಲೆಗೆ ಇಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಹಗಲಿಡೀ ತಂಪಾಗಿದ್ದ ಮನೆ ರಾತ್ರಿ ಬೆಚ್ಚಗಾಗುತ್ತದೆ. ಆ ವೇಳೆಗೆ ಮನೆಮಂದಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಬಿಸಿಲ ನಾಡಿನಲ್ಲಿ ಮಾಳಿಗೆ ಹಗಲು ಹೊದಿಕೆಯೂ ಇರುಳು ಹಾಸಿಗೆಯೂ ಆಗಿತ್ತು. ಅದರ ಮೇಲೆ ಮೆಣಸಿನಕಾಯಿ ಒಣಗಿತು, ಹಪ್ಪಳ ಸಂಡಿಗೆಗಳು ಹರಡಿದವು, ಕಾಳು ಬಿಸಿಲು ಕಂಡಿತು. ಬಿಸಿಲನ್ನು ಶತ್ರುವೆಂದಷ್ಟೇ ಬಗೆದಿದ್ದರೆ ಮಾಡು ಹೀಗೆ ಮಟ್ಟಸವಾಗಿ ಆಕಾಶಕ್ಕೆ ಎದೆಯೊಡ್ಡಿ ಮಲಗಬೇಕಾಗಿರಲಿಲ್ಲ.

ಉಳ್ಳವರ ಮತ್ತು ಅರಸುಮನೆತನಗಳ ಕಟ್ಟಡಗಳಲ್ಲಿ ಮಣ್ಣಿನ ಜಾಗವನ್ನು ಗಾರೆ ತೆಗೆದುಕೊಂಡಿತು. ವಿಜಯನಗರದ ಕಮಲ ಮಹಲಿನಲ್ಲಿಯೂ ವಿಜಯಪುರದ ಆದಿಲಶಾಹಿ ಗುಮ್ಮಟಗಳಲ್ಲಿಯೂ ಇದರ ಪ್ರೌಢಿಮೆಯನ್ನು ಕಾಣಬಹುದು. ಸುಟ್ಟ ಸುಣ್ಣವನ್ನು ಅರಳಿಸಿ, ದಿನಗಟ್ಟಲೆ ಕೊಳೆಯಲು ಬಿಟ್ಟು, ಮರಳು ಮತ್ತು ಇಟ್ಟಿಗೆಪುಡಿಯೊಡನೆ ಗಾರೆಯ ಗಾಣದಲ್ಲಿ ಅರೆದು, ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಬೆರೆಸಿ ಹದಮಾಡುತ್ತಿದ್ದರು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ; ಅದು ನಿಧಾನವಾದ ಕ್ರಿಯೆ, ಅದಕ್ಕೆ ತೇವ ಬೇಕು. ಹಸಿ ಗಾರೆಯ ಮೇಲೆ ಬಿಸಿಲು ಬಿದ್ದರೆ ಕಲ್ಲಾಗುವ ಮೊದಲೇ ನೀರು ಆರಿ ಪದರ ಬಿರಿಯುತ್ತದೆ. ಒಣಗಿ ಗಟ್ಟಿಯಾದ ಮೇಲೆ ಬಿಸಿಲಿನಿಂದ ಮನೆಯನ್ನು ಕಾಯಬೇಕಾದ ಗಾರೆಯನ್ನು ಅದರ ಎಳವೆಯಲ್ಲಿ ಬಿಸಿಲಿನಿಂದ ಕಾಯಬೇಕಾಗಿತ್ತು. ಒದ್ದೆ ಹುಲ್ಲನ್ನೋ ಗೋಣಿಯನ್ನೋ ಮುಚ್ಚಿ ವಾರಗಟ್ಟಲೆ ನೀರು ಚಿಮುಕಿಸುತ್ತಿದ್ದರು.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದ ಪಟ್ಟಣಗಳಲ್ಲೆಲ್ಲ ಹರಡಿದ 'ಮದ್ರಾಸ್ ತಾರಸಿ' ಈ ಪರಂಪರೆಯ ಕೊನೆಯ ದೊಡ್ಡ ರೂಪ. ತೇಗದ ಜಂತಿಗಳ ಮೇಲೆ ಇಟ್ಟಿಗೆಗಳನ್ನು ಅಡ್ಡಮಗ್ಗುಲಾಗಿ ನಿಲ್ಲಿಸಿ ಓರೆಸಾಲುಗಳಲ್ಲಿ ಸುಣ್ಣದ ಗಾರೆಯಿಂದ ಬೆಸೆಯುವುದು, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರುಗಳ ಪದರ ಹಾಕಿ ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುವುದು, ಕಡೆಗೆ ಚಪ್ಪಟೆ ಬಿಲ್ಲೆಗಳನ್ನು ಹಾಸುವುದು ಇದರ ಕ್ರಮ. ಬಡಿಯುವ ಕೆಲಸವನ್ನು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಮಾಡುತ್ತಿದ್ದರು. ಬಡಿತ ಹುಮ್ಮಸ್ಸಿನ ಆಚರಣೆಯಾಗಿರಲಿಲ್ಲ, ಸುಣ್ಣ ಆರುವಾಗ ಹುಟ್ಟುವ ಸೀಳುಗಳನ್ನು ಹುಟ್ಟಿದ ಹಾಗೆಯೇ ಮುಚ್ಚುವ ತಾಂತ್ರಿಕ ಕ್ರಿಯೆ ಅದು. ಹೆಸರು ಮದ್ರಾಸಿನದಾದರೂ ಕೈಗಳು ಊರೂರಿನವು. ಆ ಕೈಗಳಿಗೆ ಕಟ್ಟಡಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲು ದೊರಕುವುದೂ ಅಪರೂಪ.

ಹಂಚಿನ ಕಥೆ ಕರಾವಳಿಯದು. ಕನ್ನಡದಲ್ಲಿ ರೊಟ್ಟಿ ಸುಡುವುದೂ ಹಂಚು, ಮಡಕೆಯ ಚೂರೂ ಹಂಚು, ಮಾಡಿಗೆ ಹೊದಿಸುವುದೂ ಹಂಚು. ಬೆಂಕಿ ಕಂಡ ಮಣ್ಣಿಗೆಲ್ಲ ಒಂದೇ ಹೆಸರು. ಕುಂಬಾರರು ಮಾಡುತ್ತಿದ್ದ ಅರೆಗೊಳವೆಯ ನಾಡಹಂಚನ್ನು ಒಂದರ ಮೇಲೊಂದು ಕವುಚಿ ಹೊದಿಸಿದಾಗ ನಡುವೆ ಗಾಳಿ ಉಳಿಯುತ್ತಿತ್ತು. ಆ ಗಾಳಿಯೇ ಬಿಸಿಲಿಗೆ ತಡೆ. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಕೆಲಸ ಮಾತ್ರ ತಪ್ಪುತ್ತಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಅದರ ಹಿಂದಿದ್ದವನು ಜಾರ್ಜ್ ಪ್ಲೆಬ್ಸ್ಟ್. ಮಿಷನ್ನಿನ ಮುದ್ರಣಾಲಯದ ಕೆಲಸದೊಡನೆ ನಂಟಿದ್ದ ಯಂತ್ರಕುಶಲಿ. ಆಲ್ಸೇಸಿನ ಜಿಲಾರ್ಡೊನಿ ಸಹೋದರರು 1841ರಲ್ಲಿ ಹಕ್ಕುಪತ್ರ ಪಡೆದಿದ್ದ, ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಕುಲಕ್ಕೆ ಸೇರಿದ್ದು ಮಂಗಳೂರು ಹಂಚು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಅದಕ್ಕೆ ಒದಗಿತು. ಇದೇ ಮಿಷನ್ನಿನ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಮಾಡ, ಮಾಳಿಗೆ, ಮಚ್ಚು, ಸೂರುಗಳೆಂಬ ಶಬ್ದಗಳನ್ನು ಅಕ್ಕರೆಯಿಂದ ಆಯ್ದು ಅರ್ಥ ಬರೆದಿರಿಸಿದ ಸಂಸ್ಥೆಯೇ ಆ ಶಬ್ದಗಳು ಸೂಚಿಸುತ್ತಿದ್ದ ವಸ್ತುಗಳನ್ನು ಬದಿಗೆ ಸರಿಸುವ ಸರಕನ್ನೂ ತಯಾರಿಸಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ಆದರೂ ಈ ಜೋಡಣೆ ಯೋಚನೆಗೆ ಹಚ್ಚುವಂಥದು.

ಮಂಗಳೂರು ಹಂಚು ಮಳೆಗಾಗಿ ಹುಟ್ಟಿದ್ದು. ತೆಳ್ಳಗಿರುವುದರಿಂದ ಅದು ಬಿಸಿಲಿಗೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಂದುಗಳಲ್ಲಿ ಗಾಳಿಯಾಡುವುದರಿಂದ ಕಾದ ಗಾಳಿ ಹೊರಗೆ ಹೋಗುತ್ತದೆ. ಮಲೆನಾಡಿನ ಮನೆಗಳಲ್ಲಿ ಇದರ ಕೆಳಗೆ ಮುಚ್ಚಿಗೆ ಇರುತ್ತಿತ್ತು; ಹಲಗೆಯ ಮೇಲೆ ಮಣ್ಣು ಹಾಸಿದ ಆ ಅಟ್ಟವೇ ಬಿಸಿಲಿಗೂ ಬೆಂಕಿಗೂ ಎರಡನೆಯ ಮಾಡು. ಹಂಚು ಬಯಲುಸೀಮೆಗೆ ಬಂದಾಗ ಮುಚ್ಚಿಗೆ ಅದರ ಜೊತೆಗೆ ಬರಲಿಲ್ಲ.

ಇಷ್ಟು ಹೇಳಿ ಮಾಳಿಗೆಯನ್ನು ಹೊಗಳಿ ಮುಗಿಸಿದರೆ ಚರಿತ್ರೆ ಅರ್ಧವಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಕರ್ನಾಟಕದ ಗಡಿಗೆ ಹತ್ತಿರವಿರುವ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದ ಹತ್ತಿರ ಹತ್ತಿರ ಜನ ಸತ್ತರು. ಭೂಕಂಪದ ಪ್ರಮಾಣ ಆರಕ್ಕಿಂತ ತುಸು ಹೆಚ್ಚು. ಅಷ್ಟಕ್ಕೆ ಇಷ್ಟೊಂದು ಸಾವುಗಳು ಸಂಭವಿಸಿದ್ದಕ್ಕೆ ಮನೆಗಳ ರಚನೆಯೇ ದೊಡ್ಡ ಕಾರಣ. ಉರುಟುಕಲ್ಲುಗಳನ್ನು ಮಣ್ಣಿನಲ್ಲಿ ಪೇರಿಸಿದ ದಪ್ಪ ಗೋಡೆಗಳು, ಅವುಗಳ ಮೇಲೆ ಭಾರವಾದ ಮಣ್ಣಿನ ಮಾಡು. ಆ ಮಾಡಿಗೆ ಮರಾಠಿಯಲ್ಲಿ 'ಮಾಳವದ' ಎಂದು ಹೆಸರು. ನಮ್ಮ ಮಾಳಿಗೆಯೊಡನೆ ಅದರ ಶಬ್ದಸಾಮ್ಯವೂ ವಸ್ತುಸಾಮ್ಯವೂ ಎದ್ದು ಕಾಣುತ್ತವೆ. ವರ್ಷ ವರ್ಷವೂ ಹೊಸ ಮಣ್ಣು ಹಾಕಬೇಕೆಂಬ ಕಟ್ಟಳೆ ಉಳಿದಿತ್ತು, ಸವೆದ ಹಳೆಯ ಮಣ್ಣನ್ನು ಕೆರೆದು ತೆಗೆಯಬೇಕೆಂಬ ಅದರ ಇನ್ನರ್ಧ ಎಷ್ಟೋ ಕಡೆ ಮರೆತುಹೋಗಿತ್ತು. ತಲೆಮಾರುಗಳು ಕಳೆದಂತೆ ಪದರದ ಮೇಲೆ ಪದರ ಸೇರಿ ಮಾಡು ದಪ್ಪವಾಗುತ್ತ ಹೋಯಿತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದಡಿ ಮಣ್ಣಿದ್ದರೆ ಅದರ ತೂಕ ಸುಮಾರು ಅರ್ಧ ಟನ್. ಬಿಸಿಲಿನಿಂದ ಕಾಯ್ದ ದಪ್ಪವೇ ಆ ನಸುಕಿನಲ್ಲಿ ಮಲಗಿದ್ದವರ ಮೇಲೆ ಬಿದ್ದಿತು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆ ಇನ್ನೊಂದು ಪರೀಕ್ಷೆ. ರಾಯಚೂರು, ವಿಜಯಪುರ, ಬಾಗಲಕೋಟೆ, ಗದಗ ಮೊದಲಾದ ಜಿಲ್ಲೆಗಳಲ್ಲಿ ನೀರು ಕುಡಿದ ಮಣ್ಣಿನ ಮನೆಗಳು ಕುಸಿದವು; ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬಿಸಿಲಿಗಾಗಿ ಕಟ್ಟಿದ ಮನೆ ಅಂಥ ಮಳೆಯನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಈ ಎರಡು ದುರಂತಗಳನ್ನು ಕಂಡ ಜನ ಮಣ್ಣಿನ ಮಾಡನ್ನು ನಂಬದೆ ಹೋದರೆ ಅದನ್ನು ಪರಂಪರೆಯ ಮರೆವು ಎಂದು ದೂರುವ ಹಕ್ಕು ಕಾಂಕ್ರೀಟಿನ ಮನೆಯಲ್ಲಿ ಕುಳಿತು ಬರೆಯುವವರಿಗೆ ಇಲ್ಲ.

ಆದರೆ ಮಾಳಿಗೆ ಹೊರಟುಹೋದ ಜಾಗಕ್ಕೆ ಬಂದದ್ದು ಏನು ಎಂಬುದನ್ನು ಕೇಳಬಹುದು. ಬಡವರ ಪಾಲಿಗೆ ತಗಡು ಬಂದಿತು. ಬೀಳುವ ಭಯವಿಲ್ಲ, ಗೆದ್ದಲಿಲ್ಲ, ವರ್ಷಕ್ಕೊಮ್ಮೆ ಹತ್ತಬೇಕಾಗಿಲ್ಲ. ಶಾಖವನ್ನು ಅದು ಒಂದು ಗಳಿಗೆಯೂ ತಡಮಾಡಿಸುವುದಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಮಧ್ಯಾಹ್ನ ತಗಡಿನ ಕೆಳಗೆ ಬಾಣಂತಿಯನ್ನೋ ಮುದುಕರನ್ನೋ ಮಲಗಿಸುವುದು ಆಗದ ಮಾತು. ಅನುಕೂಲವಿದ್ದವರಿಗೆ ಆರ್‌ಸಿಸಿ ಬಂದಿತು. ನಾಲ್ಕೈದು ಅಂಗುಲ ದಪ್ಪದ ಬೂದುಬಣ್ಣದ ಆ ಹಲಗೆ ತನ್ನ ಮೇಲೆ ಬಿದ್ದ ಬಿಸಿಲಿನ ಮೂರರಲ್ಲಿ ಎರಡು ಪಾಲಿನಷ್ಟನ್ನು ಹೀರಿಕೊಳ್ಳುತ್ತದೆ, ಮೂರು ಗಂಟೆಯ ಆಸುಪಾಸಿನಲ್ಲಿ ಅದನ್ನು ಒಳಗೆ ಮುಟ್ಟಿಸುತ್ತದೆ. ಹಿಗ್ಗಿ ಕುಗ್ಗಿ ಅದೂ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟಿನ ಚಕ್ಕೆಗಳು ಉದುರುತ್ತವೆ. ಖಂಡಸ್ಫುಟಿತಕ್ಕೆ ಇಲ್ಲಿಯೂ ಬಿಡುಗಡೆಯಿಲ್ಲ, ಅದಕ್ಕೆಂದು ತೆಗೆದಿರಿಸಿದ ದತ್ತಿ ಮಾತ್ರ ಈಗ ಇಲ್ಲ.

ಈ ಬದಲಾವಣೆಯಲ್ಲಿ ಶಬ್ದಗಳ ಪಾತ್ರವೂ ಇದೆ. ಸರಕಾರಿ ದಾಖಲೆಗಳು ಮನೆಗಳನ್ನು 'ಕಚ್ಚಾ', 'ಪಕ್ಕಾ' ಎಂದು ವಿಂಗಡಿಸುತ್ತವೆ. ಹಿಂದಿಯ ಈ ಎರಡು ಮಾತುಗಳಿಗೆ ಹಸಿಯಾದುದು, ಬೆಂದುದು ಎಂಬುದೇ ಮೊದಲ ಅರ್ಥ. ಸುಟ್ಟ ಇಟ್ಟಿಗೆ, ಸುಟ್ಟ ಹಂಚು, ಸಿಮೆಂಟು ಪಕ್ಕಾ; ಬೆಂಕಿ ಕಾಣದ ಮಣ್ಣು ಕಚ್ಚಾ. 2011ರ ಜನಗಣತಿಯಲ್ಲಿ ಮಾಡಿನ ಸಾಮಗ್ರಿಯನ್ನು ಕುರಿತ ವರ್ಗೀಕರಣ ಹುಲ್ಲು, ಗರಿ, ಬಿದಿರು, ಮರ, ಮಣ್ಣು ಮುಂತಾದವುಗಳನ್ನು ಒಂದೇ ಕಟ್ಟಿನಲ್ಲಿ ಇಟ್ಟಿದೆ. ಅದರ ಪ್ರಕಾರ ಒಂದು ಮಳೆಗಾಲಕ್ಕೆ ಹೊದಿಸಿದ ಗುಡಿಸಲೂ, ಬೋದಿಗೆಗಳಿಗೆ ಕೆತ್ತನೆಯಿರುವ, ನೂರು ವರ್ಷ ಬಾಳಿದ ಹದಿನೆಂಟು ಅಂಕಣದ ಮಾಳಿಗೆಯೂ ಒಂದೇ ಜಾತಿ. ತಗಡಿಗೆ ಪ್ರತ್ಯೇಕವಾದ ಗೌರವದ ಕೋಷ್ಟಕವಿದೆ. ಮಣ್ಣು ಬೆಂದಿದೆಯೇ ಎಂದು ಈ ವಿಂಗಡಣೆ ಕೇಳುತ್ತದೆ, ಒಳಗಿರುವವರು ಬೇಯುತ್ತಿದ್ದಾರೆಯೇ ಎಂದು ಕೇಳುವುದಿಲ್ಲ. ಮಾಳಿಗೆಯ ಮನೆಯಲ್ಲಿ ಹುಟ್ಟಿ ಬೆಳೆದವರು ತಮ್ಮ ಮನೆಯನ್ನು ಹೇಳಿಕೊಳ್ಳಲು ನಾಚುವ ಸ್ಥಿತಿ ಬಂದದ್ದರಲ್ಲಿ ಭೂಕಂಪಕ್ಕಿಂತ, ಮಳೆಗಿಂತ ಈ ಕೋಷ್ಟಕಗಳ ಪಾಲು ದೊಡ್ಡದು. ಉತ್ತರ ಕರ್ನಾಟಕದ ಕಥೆ ಕಾದಂಬರಿಗಳನ್ನು ಓದಿಸುವ ತರಗತಿಗಳಲ್ಲಿಯೂ ಮಾಳಿಗೆಯನ್ನು ಬಡತನದ ಸಂಕೇತವೆಂದು ವಿವರಿಸಿ ಮುಗಿಸುವುದು ನಡೆದೇ ಇದೆ. ಅಂಕಣಗಳನ್ನು ಎಣಿಸಿ ಮನೆತನದ ಅಂತಸ್ತನ್ನು ಅಳೆಯುತ್ತಿದ್ದ ಸಮಾಜದ ಪಠ್ಯವನ್ನು ಹೀಗೆ ಓದಿದರೆ ಪಾತ್ರಗಳ ಜಂಬವೂ ಅರ್ಥವಾಗುವುದಿಲ್ಲ, ಜಗಳವೂ ಅರ್ಥವಾಗುವುದಿಲ್ಲ.

ಈಚೆಗೆ ಸುಣ್ಣ ಬೇರೆ ಹೆಸರಿನಲ್ಲಿ ಮರಳಿ ಬರುತ್ತಿದೆ. 2010ರ ಬಿಸಿಗಾಳಿಯ ಸಾವುಗಳನ್ನು ಕಂಡ ಅಹಮದಾಬಾದ್ 2013ರಲ್ಲಿ ಬಿಸಿಲ ಹೊಡೆತವನ್ನು ಎದುರಿಸುವ ಯೋಜನೆಯೊಂದನ್ನು ರೂಪಿಸಿತು. 2017ರಿಂದ ಬಡಾವಣೆಗಳ ಮಾಡುಗಳಿಗೆ ಬಿಳಿ ಬಳಿಯುವ ಕೆಲಸ ಅದಕ್ಕೆ ಸೇರಿತು. ತೆಲಂಗಾಣ ಸರಕಾರ 2023ರಲ್ಲಿ 'ಕೂಲ್ ರೂಫ್' ನೀತಿಯನ್ನು ಪ್ರಕಟಿಸಿತು. ಆ ರಾಜ್ಯಕ್ಕೆ ಹೊಂದಿಕೊಂಡಿರುವ ಕಲಬುರಗಿ, ಯಾದಗಿರಿ, ರಾಯಚೂರುಗಳಲ್ಲಿ ಬಿಸಿಲು ಬೇರೆಯದೇನಲ್ಲ. ಬೆಂಗಳೂರು, ಚೆನ್ನೈಗಳ ಎಷ್ಟೋ ಆರ್‌ಸಿಸಿ ತಾರಸಿಗಳ ಮೇಲೆ ಇಂದಿಗೂ ಸುಣ್ಣ ಮತ್ತು ಇಟ್ಟಿಗೆ ಚೂರುಗಳ ಒಂದು ಪದರವನ್ನು ಹಾಕಿ, ಬಡಿದು, ಮೇಲೆ ಬಿಲ್ಲೆ ಹಾಸುವ ಪದ್ಧತಿ ಉಳಿದಿದೆ. ಜಂತಿ ಹೋಗಿ ಕಾಂಕ್ರೀಟು ಬಂದರೂ ಮದ್ರಾಸ್ ತಾರಸಿಯ ಮೇಲಿನ ಅರ್ಧ ಹಾಗೆಯೇ ಇದೆ. ಮಾಡಿನ ಭಾರವನ್ನು ಕಾಂಕ್ರೀಟು ಹೊರುತ್ತದೆ, ಬಿಸಿಲನ್ನು ಸುಣ್ಣ ಹೊರುತ್ತದೆ.

ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳಷ್ಟಿದೆ. ಶಾಸನಗಳಲ್ಲಿ ಸುಧಾಕರ್ಮಕ್ಕೆಂದು ಬಿಟ್ಟ ದತ್ತಿಗಳನ್ನು ಊರು, ಕಾಲ, ಮೊತ್ತಗಳ ಸಹಿತ ಒಂದೆಡೆ ತರಬೇಕು. ಬಿಸಿಲ ಸೀಮೆಗೂ ಮಳೆ ಸೀಮೆಗೂ ಅವುಗಳಲ್ಲಿ ವ್ಯತ್ಯಾಸವಿದೆಯೇ ಎಂದು ಪರಿಶೀಲಿಸಬೇಕು. ಮಾಳಿಗೆಗೆ ಸಂಬಂಧಿಸಿದ ಆಡುಮಾತುಗಳನ್ನು ಜಿಲ್ಲೆಜಿಲ್ಲೆಗೆ ಬರೆದುಕೊಳ್ಳುವುದು ಇನ್ನೂ ತುರ್ತಿನ ಕೆಲಸ. ಯಾವ ಊರಿನ ಯಾವ ದಿಣ್ಣೆಯ ಸವಳು ಒಳ್ಳೆಯದು, ಎಷ್ಟು ಬುಟ್ಟಿ ಹಾಕಬೇಕು, ಹಳೆಯದನ್ನು ಎಷ್ಟು ಕೆರೆಯಬೇಕು ಎಂಬುದನ್ನು ಹೇಳಬಲ್ಲವರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನವರು. ಅವರಲ್ಲಿ ಬಹುಮಂದಿ ಆರ್‌ಸಿಸಿ ಮನೆಗಳಿಗೆ ಬಂದು ಸೇರಿದ್ದಾರೆ, ಬೇಸಗೆಯ ರಾತ್ರಿಗಳಲ್ಲಿ ಅಲ್ಲಿಯೂ ಹಾಸಿಗೆ ಹೊತ್ತು ಮೇಲಕ್ಕೆ ಹತ್ತುತ್ತಾರೆ.